ಜೋಗಣಿ ಕೋತರದಲ್ಲಿ ಒಂದು ಬಹುಳ ಅಷ್ಟಮಿ

ಸುದ್ದಿ ಬಂದ ದಿನ ಗಿರಿಜಮ್ಮ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಸುರತಿ ಪಾಪಡಿ ಬಿಡಿಸುತ್ತಿದ್ದರು. ಚಳಿ ಬಿತ್ತೆಂದರೆ ವಡೋದರದ ಮಾರುಕಟ್ಟೆ ತುಂಬ ಈ ಕಾಯಿ. "ನಮ್ಮ ಅವರೆಕಾಯಿ ಸೊಗಡು ಇದಕ್ಕೆಲ್ಲಿಂದ ಬರಬೇಕು" ಎಂದು ನಲವತ್ತೈದು ವರ್ಷದಿಂದ ಮೂಗು ಮುರಿಯುತ್ತಲೇ ಅವರು ಎರಡೆರಡು ಕಿಲೋ ತರಿಸುತ್ತಿದ್ದರು. ಮೈದುನ ಹೃಷಿಕೇಶನಿಗೆ ಅದರ ಹುಳಿ ಇಷ್ಟ. ಫೋನ್ ತೆಗೆದುಕೊಂಡವರು ಗಂಡ ಹರಿಪ್ರಸಾದರಾಯರು. ಭಾವನಗರದ ಆಚೆಯ ಒಂದು ಪೊಲೀಸ್ ಠಾಣೆಯಿಂದ ಕರೆ. ಸಮುದ್ರದ ಮೇಲಿನ ಕಡಿದಾದ ಬಂಡೆಯ ತುದಿಯಲ್ಲಿ, ಜೋಗಣಿ ಮಾತೆಯ ಗುಡಿಯ ಪಕ್ಕ, ವಡೋದರ ನಂಬರಿನ ಒಂದು ಸ್ಕೂಟರು ಎಂಟೊಂಬತ್ತು ದಿನದಿಂದ ನಿಂತಿದೆ. ಕೆಳಗೆ ಕಲ್ಲಿನ ಸಂದಿಯಲ್ಲಿ ಒಂದು ಕೈಚೀಲ ಸಿಕ್ಕಿದೆ. ಅದರೊಳಗೆ ಕನ್ನಡಕ, ನೀರು ಹೊಕ್ಕ ತಿಂಡಿಯ ಡಬ್ಬಿ, ಹೃಷಿಕೇಶನ ಆಧಾರ್ ಕಾರ್ಡು.

"ಸ್ಕೂಟರಿನ ಕೀಲಿ ಎಲ್ಲಿದೆ?" ಎಂದು ರಾಯರು ಕೇಳಿದರು.

ಆ ಕಡೆಯವನಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಯಾರನ್ನೋ ವಿಚಾರಿಸಿ, ಕೀಲಿ ಸಿಕ್ಕಿಲ್ಲ ಎಂದ.

"ಹಾಗಾದರೆ ಕೀಲಿ ಅವನ ಹತ್ತಿರ ಇದೆ," ಎಂದು ರಾಯರು ಹೆಂಡತಿಯ ಕಡೆ ತಿರುಗಿ ಹೇಳಿದರು, ಏನೋ ಒಳ್ಳೆಯ ಸುದ್ದಿ ಹೇಳುವವರ ಹಾಗೆ. ಗಿರಿಜಮ್ಮ ಅವರ ಮುಖ ನೋಡಿದರು. ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಪೇಪರಿನ ಮೇಲಿಟ್ಟು, ಆಮೇಲೆ ಅಳುವುದಕ್ಕೆ ಶುರುಮಾಡಿದರು.

ಹೃಷಿಕೇಶ ರಾಯರಿಗಿಂತ ಹದಿಮೂರು ವರ್ಷ ಚಿಕ್ಕವನು. ತಾಯಿ ಹೋದಾಗ ಅವನಿಗೆ ಒಂಬತ್ತು ವರ್ಷ. ಅಲ್ಲಿಂದಾಚೆ ಅತ್ತಿಗೆಯ ಕೈಯಲ್ಲೇ ಬೆಳೆದ. ರಾಯರಿಗೆ ರೈಲ್ವೆಯಲ್ಲಿ ವಡೋದರಕ್ಕೆ ವರ್ಗವಾದಾಗ ಅವರ ಜೊತೆ ತುಮಕೂರಿನಿಂದ ಬಂದು, ಫತೇಗಂಜಿನ ಮನೆಯಿಂದಲೇ ಕಾಲೇಜು ಓದಿ, ಮಕರಪುರದ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದ. ಮದುವೆ ಬೇಡವೆಂದ. ನಿವೃತ್ತನಾದ ಮೇಲೆ ಸ್ಕೂಟರು ಹತ್ತಿ ಸೌರಾಷ್ಟ್ರದ ಕಡಲ ತೀರ ಸುತ್ತುವ ಹುಚ್ಚು ಹಿಡಿಯಿತು. ಹೊರಟರೆ ಹತ್ತು ಹದಿನೈದು ದಿನ ಸುದ್ದಿಯೇ ಇರುತ್ತಿರಲಿಲ್ಲ. ಕಲ್ಲಾಗಿಹೋದ ಶಂಖಗಳನ್ನೂ ಚಿಪ್ಪುಗಳನ್ನೂ ಆರಿಸಿ ತಂದು ದೇವರ ಗೂಡಿನಲ್ಲಿ ಸಾಲಿಗ್ರಾಮದ ಪಕ್ಕಕ್ಕಿಡುತ್ತಿದ್ದ.

"ಸತ್ತ ಹುಳದ ಚಿಪ್ಪಿಗೂ ನಾನು ಅಭಿಷೇಕ ಮಾಡಬೇಕೇನಯ್ಯ?" ಎಂದು ರಾಯರು ರೇಗಿದರೆ, "ಸಾಲಿಗ್ರಾಮವೂ ಅದೇ ಜಾತಿ ಅಣ್ಣ, ವಯಸ್ಸಿನಲ್ಲಿ ಹಿರಿಯದು ಅಷ್ಟೆ" ಎನ್ನುತ್ತಿದ್ದ.

ಹೋದ ಮಾರ್ಗಶಿರದ ಹುಣ್ಣಿಮೆ, ದತ್ತಜಯಂತಿಯ ಬೆಳಗ್ಗೆ, ಪೂಜೆಗೂ ನಿಲ್ಲದೆ ಹೊರಟವನು ಹಿಂದಿರುಗಲಿಲ್ಲ. ದೇಹ ಸಿಗಲಿಲ್ಲ. ಆ ಕೊಲ್ಲಿಯ ಸೆಳೆತ ಏನನ್ನೂ ಹಿಂದಕ್ಕೆ ಕೊಡುವುದಿಲ್ಲವೆಂದು ಅಲ್ಲಿನವರು ಹೇಳಿದರು. ಚೀಲ ಸಿಕ್ಕಿದ್ದು ಬಂಡೆಗಳ ಬುಡದಲ್ಲಿ ಅಡಗಿರುವ ಒಂದು ಕಣಿವೆಯ ಬಾಯಲ್ಲಿ. ಅದಕ್ಕೆ ಜೋಗಣಿ ಕೋತರ ಎಂದು ಹೆಸರು. ಇಳಿತದ ಹೊತ್ತಿನಲ್ಲಿ ಕಡಲು ಹಿಂದೆ ಸರಿದಾಗ ಮಾತ್ರ ಬಂಡೆಯ ಬುಡ ಹಿಡಿದು ಒಳಗೆ ಹೋಗಬಹುದು. ರಾಯರು ಅಹಮದಾಬಾದಿನ ಬ್ಯಾಂಕಿನಲ್ಲಿದ್ದ ಮಗ ಮಹೇಶನ ಜೊತೆ ಹೋಗಿ ಸ್ಕೂಟರು ತಂದರು. ಅಂದು ದಾರಿ ಮುಳುಗಿತ್ತು. ಮೇಲಿನಿಂದ ಬಗ್ಗಿ ನೋಡಿದರೆ ಮುಂದಕ್ಕೆ ಚಾಚಿದ ಬಂಡೆಯಲ್ಲದೆ ಬೇರೇನೂ ಕಾಣಲಿಲ್ಲ.

"ಕಣಿವೆ ಎಂದ ಮೇಲೆ ಹಿಂದುಗಡೆಯಿಂದ ಹತ್ತಿಕೊಳ್ಳಲು ಒಂದು ದಾರಿ ಇರಲೇಬೇಕು," ಎಂದರು ರಾಯರು. "ಕಲ್ಲು ಬಲ್ಲವನು ಅವನು. ಹತ್ತಿರುತ್ತಾನೆ. ತಲೆಗೆ ಪೆಟ್ಟು ಬಿದ್ದು ನೆನಪು ತಪ್ಪಿ ಎಲ್ಲೋ ಇದ್ದಾನೆ." ಸುದ್ದಿ ತಿಳಿಯದೆ ಹೋದವನಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆಯಲ್ಲಿ ಆಕಾರ ಮಾಡಿ ದಹಿಸಿ ಕರ್ಮ ಮಾಡಬೇಕು ಎಂಬ ಶಾಸ್ತ್ರ ಅವರಿಗೆ ಊರುಗೋಲಾಯಿತು. ಒಂದು ವರ್ಷ ಅವರು ತಮ್ಮನ ಹೆಸರಿನಲ್ಲಿ ಒಂದು ಹನಿ ನೀರು ಬಿಡಲಿಲ್ಲ.

ಈ ಸಲ ಮಾರ್ಗಶಿರ ಬಂದಾಗ ಗಿರಿಜಮ್ಮ ಬಾಯಿ ಬಿಟ್ಟರು. ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬರುವ ಜೀವ.

"ಹನ್ನೆರಡು ವರ್ಷಕ್ಕೆ ನೀವಿರ್ತೀರೋ, ನಾನಿರ್ತೀನೋ? ನಾನಂತೂ ಇರಲ್ಲ. ಅಲ್ಲೀವರೆಗೂ ಮಗೂನ ಹಸಿದ ಹೊಟ್ಟೇಲಿ ಕೂರಿಸ್ತೀರಾ?"

"ಬದುಕಿರುವವನಿಗೆ ತಿಲೋದಕ ಬಿಟ್ಟರೆ ಏನಾಗುತ್ತೆ ಗೊತ್ತೇ?"

"ಸತ್ತವನಿಗೆ ಬಿಡದೇ ಇದ್ದರೆ ಏನಾಗುತ್ತೆ ಗೊತ್ತೇ? ನೀವೇ ಒಂದ್ಸಲ ಇಳಿದು ನೋಡಿ ಬನ್ನಿ. ಮೇಲಕ್ಕೆ ದಾರಿ ಇದ್ದರೆ ನಾನು ಇನ್ನು ತುಟಿ ಪಿಟಕ್ಕೆನ್ನಲ್ಲ. ಇಲ್ಲದಿದ್ದರೆ ಅಲ್ಲೇ ಮೂರು ಬೊಗಸೆ ಬಿಟ್ಟು ಬನ್ನಿ. ಮಿಕ್ಕಿದ್ದನ್ನ ಚಾಂದೋದಿನಲ್ಲಿ ನರ್ಮದೆ ದಡದಲ್ಲಿ ಮಾಡಿಸೋಣ."

ರಾಯರು ಒಪ್ಪಿದರು. ಹೋದ ದಿನ ತಿಳಿಯದವರಿಗೆ ಬಹುಳ ಅಷ್ಟಮಿ, ಏಕಾದಶಿ, ಅಮಾವಾಸ್ಯೆ ಈ ಮೂರರಲ್ಲೊಂದು. ಗುಡಿಯ ಬಳಿ ಚಹದ ಅಂಗಡಿ ಇಟ್ಟಿದ್ದ ಮಂಥನ್ ಎಂಬವನ ನಂಬರು ಅವರ ಹತ್ತಿರವಿತ್ತು. ನಲವತ್ತು ದಾಟಿದ ಸಂಸಾರಸ್ಥ. ಹೋದ ವರ್ಷ ಸ್ಕೂಟರನ್ನು ಟೆಂಪೋಗೆ ಏರಿಸಲು ಕೈಜೋಡಿಸಿದವನು. ಫೋನಿನಲ್ಲಿ ಕೇಳಿದರು.

"ಅಮಾಸೆಗೆ ಬೇಡ ಕಾಕಾ, ಕಡಲು ಉಕ್ಕಿರುತ್ತೆ. ಆಠಮ್ ದಿನ ಬನ್ನಿ, ಮೆತ್ತಗಿರುತ್ತೆ," ಎಂದ ಮಂಥನ್. ಆಠಮ್ ಎಂದರೆ ಅವರ ಅಷ್ಟಮಿ. "ಆಠಮ್‌ಗೆ ಮಧ್ಯಾಹ್ನ ಹನ್ನೆರಡಕ್ಕೆ ದಾರಿ ಬಿಡುತ್ತೆ, ನಾಲ್ಕಕ್ಕೆ ಮುಚ್ಚುತ್ತೆ. ನಾನೇ ಕರ್ಕೊಂಡು ಹೋಗ್ತೀನಿ."

ರಾಯರು ಊರಿನಿಂದ ಅಂಚೆಯಲ್ಲಿ ಬರುವ ಪಂಚಾಂಗ ಬಿಡಿಸಿದರು. ಮಂಗಳವಾರ ಬೆಳಗ್ಗೆ ಹತ್ತೂಮುಕ್ಕಾಲಿಗೆ ಸಪ್ತಮಿ ಮುಗಿದು ಅಷ್ಟಮಿ ಬರುತ್ತಿತ್ತು. ಬುಧವಾರ ಹನ್ನೊಂದಕ್ಕೆ ಅದೂ ಕಳೆಯುತ್ತಿತ್ತು. ಪಿತೃಕಾರ್ಯಕ್ಕೆ ಅಪರಾಹ್ನದಲ್ಲಿ, ಎಂದರೆ ಮಧ್ಯಾಹ್ನ ಒಂದೂವರೆಯ ಮೇಲೆ, ಇರುವ ತಿಥಿಯೇ ತಿಥಿ. ಆದ್ದರಿಂದ ಮಂಗಳವಾರವೇ ಅಷ್ಟಮಿ. ಅವರು ಪೆನ್ಸಿಲಿನಿಂದ ಗುರುತು ಹಾಕಿಕೊಂಡರು.

ಭಾನುವಾರ ರೈಲಿನಲ್ಲಿ ಸೂರತ್‌ಗೆ ಹೋದರು. ಅಲ್ಲಿ ಮಹೇಶನ ಮಗಳು ಸಂಜನಾ ಸೀರೆ ಮಿಲ್ಲಿನಲ್ಲಿ ಡಿಸೈನ್ ಮಾಡುವ ಕೆಲಸದಲ್ಲಿದ್ದಳು. ಸೋಮವಾರ ಅವಳ ಕಾರನ್ನು ಹಜೀರಾದಲ್ಲಿ ಹಡಗಿಗೇರಿಸಿ ಕೊಲ್ಲಿ ದಾಟಿ, ರಾತ್ರಿ ತಳಾಜಾದ ಧರ್ಮಶಾಲೆಯಲ್ಲಿ ತಂಗಿದರು. ಮಂಗಳವಾರ ಹನ್ನೆರಡರ ಹೊತ್ತಿಗೆ ಜೋಗಣಿ ಗುಡಿ ಮುಟ್ಟಿದರೆ ಅಂಗಡಿಗೆ ಬೀಗ. ಫೋನು ಮಾಡಿದರೆ ಸ್ವಿಚ್ ಆಫ್. ಸುತ್ತ ಒಂದು ನರಪಿಳ್ಳೆಯೂ ಇಲ್ಲ.

"ನಿಮ್ಮ ಮಂಥನ್‌ಭಾಯಿ ಟಾಟಾ ಬೈಬೈ ಮಾಡಿದ್ದಾರೆ, ತಾತ," ಎಂದಳು ಸಂಜನಾ. ಅವಳ ಕನ್ನಡ ಅಷ್ಟಕ್ಕಷ್ಟೆ. ಗುಜರಾತಿ ಆದರೆ ಸರಾಗ. "ವಾಪಸ್ ಹೋಗೋಣ?"

"ತಿಥಿ ಅವನಿಗೋಸ್ಕರ ನಿಲ್ಲುತ್ತೇನೇ? ಹನ್ನೆರಡರಿಂದ ನಾಲ್ಕು ಅಂತ ಅವನೇ ಹೇಳಿದ್ದಾನೆ. ಅಗೋ ನೋಡು, ನೀರು ಎಷ್ಟು ದೂರ ಹೋಗಿದೆ."

ನಿಜಕ್ಕೂ ಕಡಲು ಬಹುದೂರ ಸರಿದಿತ್ತು. ಊರಿನವರು ಕಡಿದಿದ್ದ ಮೆಟ್ಟಿಲು ಇಳಿದು, ಬಂಡೆಯ ಬುಡ ಹಿಡಿದು ಇಬ್ಬರೂ ಹೊರಟರು. ಎಡಕ್ಕೆ ಬೂದುಬಣ್ಣದ ಕೆಸರು, ಬಲಕ್ಕೆ ನಾಲ್ಕಾಳೆತ್ತರದ ಹಳದಿ ಗೋಡೆ. ಕಾಲ ಕೆಳಗೆ ಪಾಚಿ. ಅರ್ಧ ಮೈಲಿ ನಡೆಯಲು ಮುಕ್ಕಾಲು ಗಂಟೆ ಹಿಡಿಯಿತು. ರಾಯರು ಎರಡು ಸಲ ಕುಳಿತೇ ಜಾರಿದರು. ಕೊನೆಗೆ ಗೋಡೆ ಸೀಳಿದಂತಾಗಿ ಕೋತರದ ಬಾಯಿ ಕಂಡಿತು.

ಒಳಗೆ ಗಾಳಿಯಿರಲಿಲ್ಲ. ಮುಂದೆ ಮರಳು, ಹಿಂದೆ ಉರುಳುಗಲ್ಲು, ಒಂದು ಕಡೆ ಏರಿದ ತಿಟ್ಟಿನ ಮೇಲೆ ಒಣಗಿ ನಿಂತ ನಾಲ್ಕು ಮುಳ್ಳು ಜಾಲಿ. ಇನ್ನೂರು ಹೆಜ್ಜೆಗೆ ಕಣಿವೆ ಮುಗಿಯಿತು. ಮೂರು ಕಡೆಯೂ ಗೋಡೆ. ಮಳೆಗಾಲದಲ್ಲಿ ಮೇಲಿನ ಹೊಲಗಳ ನೀರು ಬೀಳುವ ಜಾಗದಲ್ಲಿ ಬಂಡೆ ನುಣ್ಣಗೆ ಸವೆದು, ತುದಿಯಲ್ಲಿ ಛತ್ರಿಯ ಹಾಗೆ ಮುಂದಕ್ಕೆ ಬಾಗಿತ್ತು.

ಅಪರಾಹ್ನ ಬಂತು. ರಾಯರು ಎಳ್ಳು, ದರ್ಭೆ, ತಂಬಿಗೆ ಇದ್ದ ಚೀಲವನ್ನು ಜಾಲಿಯ ಕೊಂಬೆಗೆ ತೂಗುಹಾಕಿ, ಗೋಡೆಯ ಉದ್ದಕ್ಕೂ ಕೈಯಾಡಿಸುತ್ತ ನಡೆದರು. ಒಂದೊಂದು ಬಿರುಕಿನ ಮುಂದೆಯೂ ನಿಂತರು.

"ಇಲ್ಲಿ ನೋಡು ಪುಟ್ಟಿ. ಇಲ್ಲಿ ಕಾಲಿಟ್ಟು, ಆ ಕಲ್ಲು ಹಿಡಿದರೆ?"

ಸಂಜನಾ ಬಂಡೆ ಹತ್ತುವುದನ್ನು ಒಂದಷ್ಟು ಕಲಿತವಳು. ಬೂಟು ಬಿಗಿದು ಎರಡಾಳೆತ್ತರ ಏರಿದಳು. ಹಿಡಿದ ಕಲ್ಲು ಬಿಸ್ಕತ್ತಿನ ಹಾಗೆ ಪುಡಿಯಾಗಿ ಕೈಗೆ ಬಂತು. ಮೊಣಕೈ ತರಚಿಕೊಂಡು ಕೆಳಗೆ ಬಿದ್ದಳು. ರಾಯರು ಓಡಿ ಬಂದು ಗಾಯಕ್ಕೆ ನೀರು ಹಾಕಿದರು. ಆಮೇಲೆ ಇನ್ನೊಂದು ಬಿರುಕು ತೋರಿಸಿದರು.

"ತಾತ, ಸಾಕು. ದಾರಿ ಇಲ್ಲ."

"ಆ ಮೂಲೆ ನೋಡಿಲ್ಲ ಇನ್ನೂ."

"ನೋಡಿದ್ವಿ. ಟೂ ಟೈಮ್ಸ್ ನೋಡಿದ್ವಿ."

"ನೀನು ಚಿಕ್ಕಜ್ಜನಷ್ಟು ಕಲ್ಲು ಬಲ್ಲವಳಲ್ಲ. ಇನ್ನೂ ಒಂದು ಗಂಟೆ ಹೊತ್ತಿದೆ."

ಗಡಿಯಾರ ಮೂರು ತೋರಿಸುತ್ತಿತ್ತು. ಆ ಹೊತ್ತಿಗೆ ಸಂಜನಾಳ ಕಿವಿಗೆ ಒಂದು ಸದ್ದು ಬಿತ್ತು, ದೊಡ್ಡ ಹಂಡೆಯಲ್ಲಿ ನೀರು ಮರಳುವಂಥದ್ದು. ಕೋತರದ ಬಾಯಿಗೆ ಓಡಿದವಳು ಅಲ್ಲಿಂದಲೇ ಕೂಗಿದಳು. ಅವರು ನಡೆದು ಬಂದಿದ್ದ ಪಾಚಿಗಲ್ಲುಗಳ ದಾರಿ ಇರಲಿಲ್ಲ. ಕಂದು ನೀರು ಗೋಡೆಯನ್ನು ಒರಸಿಕೊಂಡು, ಹೊಳೆಯ ಹಾಗೆ ಒಂದೇ ದಿಕ್ಕಿಗೆ ನುಗ್ಗುತ್ತಿತ್ತು.

"ನಾಲ್ಕು ಗಂಟೆ ಅಂದಿದ್ದನಲ್ಲ!" ಎಂದರು ರಾಯರು. ರೈಲ್ವೆಯಲ್ಲಿ ವೇಳಾಪಟ್ಟಿ ನೋಡಿಕೊಂಡೇ ತಲೆ ನರೆತವರು. ನೀರು ತಪ್ಪು ಮಾಡಿದೆಯೆಂಬಂತೆ ಗಡಿಯಾರವನ್ನು ಅದರ ಮುಂದೆ ಹಿಡಿದರು. "ಈಗಷ್ಟೇ ಬಂದಿದೆ. ಮೊಣಕಾಲುದ್ದ ಇರಬಹುದು. ಬಾ, ಗೋಡೆ ಹಿಡಿದು ಹೋಗಿಬಿಡೋಣ."

ಅವಳು ಬೇಡವೆನ್ನುವಷ್ಟರಲ್ಲಿ ಪಂಚೆ ಎತ್ತಿಕಟ್ಟಿ ಇಳಿದೇಬಿಟ್ಟರು. ಹತ್ತು ಹೆಜ್ಜೆಗೆ ಸೊಂಟ, ಹನ್ನೆರಡಕ್ಕೆ ಎದೆ. ಹದಿಮೂರನೆಯ ಹೆಜ್ಜೆಗೆ ಕಾಲ ಕೆಳಗಿನ ಕಲ್ಲೇ ಇಲ್ಲವಾಯಿತು. ನೀರು ಅವರನ್ನು ಹಲಗೆಯ ಹಾಗೆ ಎತ್ತಿ ಗೋಡೆಗೆ ಒಗೆಯಿತು. ಬಾಯಿ ತುಂಬ ಕೆಸರು. ಹಿಡಿಯಲು ಚಾಚಿದ ಕೈಗೆ ನುಣುಪಾದ ಬಂಡೆಯಲ್ಲದೆ ಏನೂ ಸಿಗಲಿಲ್ಲ. ಸಂಜನಾ ಹಿಂದಿನಿಂದ ಅವರ ಅಂಗಿಯ ಕಾಲರಿಗೆ ಕೈಹಾಕಿ, ಒಂದು ಕಾಲನ್ನು ಬಂಡೆಯ ಸಂದಿಗೆ ಸಿಕ್ಕಿಸಿಕೊಂಡು, ಅಳುತ್ತ ಬೈಯುತ್ತ ಎಳೆದು ಹಾಕಿದಳು.

"ಪಾಗಲ್ ಆಗಿದೀರಾ? ಚಿಕ್ಕಜ್ಜನ ಹತ್ರ ಹೋಗ್ಬೇಕಾ ನಿಮಗೂ? ನಾನು ಅಜ್ಜಿಗೆ ಏನ್ ಹೇಳ್ಲಿ?"

ಮರಳಿನ ಮೇಲೆ ಬಿದ್ದುಕೊಂಡು ರಾಯರು ಕೆಮ್ಮಿದರು. ಇಬ್ಬರೂ ಜಾಲಿಯ ತಿಟ್ಟಿಗೆ ಹೋಗಿ ಕುಳಿತರು. ಫೋನಿಗೆ ಅಲ್ಲಿ ಜೀವವಿರಲಿಲ್ಲ. ನೀರು ಆತುರವಿಲ್ಲದೆ ಒಳಗೆ ಬಂತು. ಮೊದಲು ಮರಳು ಹೋಯಿತು, ಆಮೇಲೆ ಉರುಳುಗಲ್ಲುಗಳು ಒಂದೊಂದಾಗಿ. ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಅದು. ರಾಯರು ವಿಷ್ಣುಸಹಸ್ರನಾಮ ಶುರುಮಾಡಿದರು. ಅರವತ್ತು ವರ್ಷದಿಂದ ತಪ್ಪದ ಸ್ತೋತ್ರ ನಡುವೆ ಎರಡು ಕಡೆ ತಪ್ಪಿತು. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳ ಮೊಣಕೈಯಿಂದ ಇನ್ನೂ ರಕ್ತ ಒಸರುತ್ತಿತ್ತು. ಪರರ ಮನೆಗೆ ಹೋಗಿ ಬದುಕಬೇಕಾದ ಹುಡುಗಿ. ಅವಳನ್ನು ಕರೆತಂದು ಈ ಗುಂಡಿಯಲ್ಲಿ ಕೂರಿಸಿದವನು ತಾನು.

ಒಂದು ವರ್ಷದಿಂದ ಅವರು ಮನಸ್ಸಿನಲ್ಲೇ ತಮ್ಮನನ್ನು ಗದರುತ್ತಿದ್ದರು: ಕಡಲ ಹೊತ್ತು ನೋಡದೆ ಇಳಿಯುವಷ್ಟು ಬುದ್ಧಿಗೇಡಿಯೇ ನೀನು? ಈಗ ಆ ಗದರಿಕೆ ಅವರ ಮೇಲೆಯೇ ತಿರುಗಿತು.

ಐದು ಗಂಟೆಯ ಸುಮಾರಿಗೆ ಮೇಲಿನಿಂದ ಒಂದು ಕೂಗು ಬಂತು. ಬಾಗಿದ ಬಂಡೆಯ ಪಕ್ಕದಲ್ಲಿ, ಆಕಾಶದ ಎದುರು, ಒಂದು ತಲೆ ಕಂಡಿತು.

"ಹರಿಕಾಕಾ! ಕೆಳಗಿದೀರಾ? ಗುಡಿ ಹತ್ರ ಕಾರು ನೋಡಿ ಎದೆ ಒಡೆದುಹೋಯ್ತು. ಇವತ್ಯಾಕೆ ಇಳಿದ್ರಿ?"

"ಇವತ್ತಲ್ಲವೇನೋ ಅಷ್ಟಮಿ? ನೀನೇ ಎಲ್ಲಿ ಹಾಳಾಗಿ ಹೋಗಿದ್ದೆ?" ರಾಯರು ಎದ್ದುನಿಂತು ಕೂಗಿದರು.

"ಇವತ್ತು ಸಾತಮ್ ಕಾಕಾ! ಸಾತಮ್! ನಾಳೆ ಆಠಮ್. ನಾಳೆ ನೀವು ಬರ್ತೀರಿ ಅಂತ ಇವತ್ತೇ ಮಹುವಾ ಮಾರುಕಟ್ಟೆಗೆ ಈರುಳ್ಳಿ ಹಾಕಿ ಬಂದೆ. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಇಡೀ ದಿನ ಅದೇ ತಿಥಿ. ಕಡಲಿಗೂ ಅದೇ ಲೆಕ್ಕ, ನಮಗೂ ಅದೇ ಲೆಕ್ಕ. ದಿನಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಮುಂದೆ ಹೋಗುತ್ತೆ. ಸಾತಮ್‌ಗೆ ಹನ್ನೊಂದಕ್ಕೆ ಬಿಟ್ಟು ಮೂರಕ್ಕೇ ಮುಚ್ಚಿಬಿಡುತ್ತೆ. ವಾರ ಹೇಳಬಾರದಿತ್ತಾ ಕಾಕಾ, ವಾರ!"

ಬೆಳಗ್ಗೆ ಧರ್ಮಶಾಲೆಯ ಜಗಲಿಯಲ್ಲಿ ಸಂಧ್ಯಾವಂದನೆಗೆ ಕೂತಾಗ ರಾಯರ ಬಾಯಿಂದಲೇ ಸಂಕಲ್ಪದಲ್ಲಿ 'ಸಪ್ತಮ್ಯಾಂ ಶುಭತಿಥೌ' ಎಂದು ಬಂದಿತ್ತು. ದೇವರಿಗೆ ಸಪ್ತಮಿ, ಪಿತೃಗಳಿಗೆ ಅಷ್ಟಮಿ. ಒಂದೇ ದಿನದಲ್ಲಿ ಎರಡನ್ನೂ ಇಟ್ಟುಕೊಂಡು ಬಾಳಿದವರಿಗೆ, ಉಳಿದವರು ಒಂದನ್ನೇ ಇಟ್ಟುಕೊಂಡಿರಬಹುದೆಂದು ಹೊಳೆದಿರಲಿಲ್ಲ. ಶಾಸ್ತ್ರ ತಿಳಿದವನೆಂಬ ಹಮ್ಮಿನಲ್ಲಿ ಮಗುವನ್ನು ನೀರಿಗೆ ತಂದಿದ್ದರು.

"ಹಗ್ಗ ಬಿಡ್ತೀರಾ ಭಾಯಿ?" ಎಂದು ಸಂಜನಾ ಗುಜರಾತಿಯಲ್ಲಿ ಕೂಗಿದಳು.

"ಬಿಡಬಹುದು ಬೆಹೆನ್, ಆದರೆ ಅಂಚು ಕುಸಿಯುತ್ತೆ; ಹಗ್ಗದ ಜೊತೆ ಬಂಡೆಯೂ ನಿಮ್ಮ ತಲೆ ಮೇಲೆ ಬರುತ್ತೆ. ಹೆದರ್ಬೇಡಿ, ಇವತ್ತಿನ ನೀರು ಆ ತಿಟ್ಟು ಹತ್ತಲ್ಲ. ನಡುರಾತ್ರಿಗೆ ದಾರಿ ಬಿಡುತ್ತೆ, ನಾಲ್ಕು ಜನ ಬ್ಯಾಟರಿ ಹಿಡಿದು ಬರ್ತೀವಿ. ಕಂಬಳಿ, ರೋಟಿ ಬುಟ್ಟೀಲಿ ಇಳಿಸ್ತೀನಿ. ಮನೆಗೆ ಫೋನ್ ಮಾಡ್ಲಾ?"

"ಮಾಡಿ! ಕ್ಷೇಮ ಅಂತ ಮಾತ್ರ ಹೇಳಿ, ಬೇರೆ ಏನೂ ಹೇಳ್ಬೇಡಿ!"

"ಮಂಥನ್," ಎಂದು ರಾಯರು ಕರೆದರು. ಮತ್ತೆ ಕೂಗಿದರು. "ಮಂಥನ್, ಹುಣ್ಣಿಮೆಗೆ ನೀರು ಎಲ್ಲಿಯವರೆಗೆ ಬರುತ್ತೆ?"

ಮೇಲಿನಿಂದ ಒಂದು ಕೈ ಗೋಡೆಯತ್ತ ಚಾಚಿತು.

"ನಿಮ್ಮ ಹಿಂದೆ ಗೋಡೆ ನೋಡಿ ಕಾಕಾ. ಕಪ್ಪಗೆ ಒಂದು ಗೆರೆ ಇದೆಯಲ್ಲ, ಅಲ್ಲಿಯವರೆಗೆ."

ರಾಯರು ತಿರುಗಿದರು. ಮಧ್ಯಾಹ್ನವೆಲ್ಲ ಆ ಗೋಡೆಗೆ ಕೈಯಿಟ್ಟು ಅಲೆದಿದ್ದರೂ ತಲೆಯೆತ್ತಿ ಅದನ್ನು ನೋಡಿರಲಿಲ್ಲ. ಜಾಲಿಯ ನೆತ್ತಿಗಿಂತ ಮೇಲೆ, ಅವರ ಎತ್ತರದ ಎರಡರಷ್ಟರಲ್ಲಿ, ಕಣಿವೆಯ ಮೂರೂ ಕಡೆ ಒಂದೇ ಮಟ್ಟದಲ್ಲಿ ಕಪ್ಪು ಗೆರೆ ಹರಿದಿತ್ತು. ಅದರ ಕೆಳಗಿನ ಕಲ್ಲೆಲ್ಲ ಚಿಪ್ಪು ಮೆತ್ತಿಕೊಂಡು ಒರಟಾಗಿತ್ತು.

"ಪೂನಮ್ ಮತ್ತೆ ಅದರ ಮುಂದಿನ ಮೂರು ದಿನ ಈ ಕೋತರವೇ ಇರಲ್ಲ ಕಾಕಾ," ಎಂದ ಮಂಥನ್ ಮೇಲಿನಿಂದ, ಮೆಲ್ಲಗೆ. ಆದರೂ ಗೋಡೆಗಳ ನಡುವೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು.

ಅವನು ಕಂಬಳಿ ತರಲು ಹೋದ. ರಾಯರು ತುಂಬ ಹೊತ್ತು ಆ ಗೆರೆಯನ್ನೇ ನೋಡಿದರು. ಆಮೇಲೆ ಕೊಂಬೆಯ ಮೇಲಿನ ಚೀಲವನ್ನು ಇಳಿಸಿದರು.

"ತಾತ, ಟೈಮ್ ಆಗೋಯ್ತಲ್ಲ? ಅಪರಾಹ್ನ ಮುಗೀತು ಅಂತ ನೀವೇ..."

"ಮುಗೀತು. ಸಂಜೆ ಇದನ್ನು ಮಾಡಬಾರದು, ನಿಷೇಧ." ಅವರು ದರ್ಭೆಯ ಪವಿತ್ರ ಬೆರಳಿಗೆ ಹಾಕಿಕೊಂಡರು. "ಒಂದು ವರ್ಷ ಕಾಯಿಸಿದೀನಿ ಅವನನ್ನ. ಇನ್ನು ನಾಳೆ ಬಾ ಅಂತ ಹೇಳಲಾರೆ."

ಜನಿವಾರವನ್ನು ಬಲ ಹೆಗಲಿಗೆ ಬದಲಿಸಿ, ನೀರಿನ ಅಂಚಿಗಿಳಿದು, ದಕ್ಷಿಣಕ್ಕೆ ಮುಖ ಮಾಡಿ ನಿಂತರು. ಸಂಜನಾ ತಂಬಿಗೆಯಿಂದ ಸಿಹಿನೀರು ಹನಿಸಿದಳು. ಗೋತ್ರ ಹೇಳಿ ಹೆಸರು ಹೇಳುವ ಕಡೆ ರಾಯರ ನಾಲಗೆ ನಿಂತಿತು. ಮುಂದೆ ಬರಬೇಕಾದ ಮಾತು 'ಪ್ರೇತ'. ಒಂದು ವರ್ಷದಿಂದ ಅವರು ತಪ್ಪಿಸಿಕೊಂಡು ತಿರುಗಿದ್ದು ಆ ಎರಡಕ್ಷರದಿಂದ. ಕಣ್ಣು ಮುಚ್ಚಿ ಅದನ್ನು ಹೇಳಿದರು. ಹೆಬ್ಬೆರಳ ಪಕ್ಕದಿಂದ ಎಳ್ಳು ಬೆರೆತ ನೀರು ಜಾರಿ ಕಂದು ಕಡಲಿಗೆ ಬಿತ್ತು. ಒಂದು, ಎರಡು, ಮೂರು.

"ನಾನೂ ಬಿಡಬಹುದಾ?" ಎಂದಳು ಸಂಜನಾ.

ಶಾಸ್ತ್ರ ಏನು ಹೇಳುತ್ತದೆಂದು ಯೋಚಿಸಲು ಹೋದವರು ಅದನ್ನು ಅಲ್ಲಿಗೇ ಬಿಟ್ಟು, ತರಚಿದ ಆ ಕೈಗೆ ಎಳ್ಳು ಹಾಕಿದರು. ಅವಳಿಗೆ ಮಂತ್ರ ಬರುತ್ತಿರಲಿಲ್ಲ. "ಚಿಕ್ಕಜ್ಜ, ತಗೊಳ್ಳಿ" ಎಂದಷ್ಟೇ ಹೇಳಿ ಬಿಟ್ಟಳು.

ಬೆಳಕು ಗೋಡೆಯ ತುದಿ ಬಿಟ್ಟಿತ್ತು. ನೀರು ಪಾದ ಮುಟ್ಟಿ ಮೇಲೇರುತ್ತಿತ್ತು. ರಾಯರು ಹಿಂದೆ ಸರಿಯದೆ ಕೈಮುಗಿದರು. ಮಂತ್ರಗಳು ಮುಗಿದಿದ್ದರಿಂದ ಮನೆಯ ಮಾತಿನಲ್ಲೇ ಬೇಡಿಕೊಂಡರು.

"ನಾರಾಯಣ, ನನ್ನ ತಮ್ಮ ಹೃಷಿಕೇಶ ನಿನ್ನ ಮನೆಗೆ ಬಂದಿದ್ದಾನೆ. ಕೊನೆಯ ಹೊತ್ತಿನಲ್ಲಿ ಅವನು ಪಟ್ಟ ಭಯ ಅವನ ನೆನಪಿನಲ್ಲಿ ಉಳಿಯದಿರಲಿ. ಅವನಿಗೆ ಹಸಿವಿಲ್ಲದಿರಲಿ, ಬಾಯಾರಿಕೆ ಇಲ್ಲದಿರಲಿ. ನಾನು ತಡಮಾಡಿದ್ದು ನನ್ನ ತಪ್ಪು, ಅವನ ಮೇಲೆ ಹಾಕಬೇಡ. ತಾಯಿಯಿಲ್ಲದೆ ಬೆಳೆದ ಮಗು, ಸ್ವಾಮಿ. ನಿನ್ನ ಪಾದದ ಹತ್ತಿರ ಒಂದಿಷ್ಟು ಜಾಗ ಕೊಟ್ಟು ಮಲಗಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು."